ಅವರೆಕಾಳಿನ ಮೇಲೆ ಬಂದ ಅಪವಾದ

ಲಾಲ್‌ಬಾಗಿನ ಬಂಡೆ 300 ಕೋಟಿ ವರ್ಷ ಹಳೆಯದೆಂದು ಅಲ್ಲಿನ ಫಲಕ ಹೇಳುತ್ತದೆ. ಅದರ ಬಳಿಯ ಬೆಂಚಿನಲ್ಲಿ ನಾವು ನಾಲ್ವರು ಕೂರುವ ಕ್ರಮವೂ ಸುಮಾರು ಅಷ್ಟೇ ಹಳೆಯದು. ಬಂಡೆ ಇನ್ನೂ ಅಲ್ಲೇ ಇದೆ. ನಮ್ಮ ಕ್ರಮ ಮಾತ್ರ ಹೋದ ಡಿಸೆಂಬರಿನಲ್ಲಿ ಕದಲಿತು. ಶ್ರೀಕಂಠ ಬಾಯಿ ತೆರೆದೊಡನೆ ಪುಟ್ಟಸ್ವಾಮಿಗೆ ಎದುರಿನ ಮರದ ಹೆಸರು ಓದುವ ಆಸಕ್ತಿ ಹುಟ್ಟುತ್ತಿತ್ತು. ಮೂರ್ತಿಯ ಶೂ ಲೇಸು ಸಡಿಲವಾಗುತ್ತಿತ್ತು. ನಾನು ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ನೋಡಿಕೊಂಡು ಕೂರುವುದನ್ನು ಕಲಿತೆ. ಆದರೆ ಬಾಯಿ ನಾರುತ್ತಿದೆ ಎಂದು ಅವನಿಗೆ ಹೇಳುವವರು ಯಾರು? ಕೊಟ್ಟ ಸಾಲ ವಾಪಸು ಕೇಳುವುದಾದರೂ ಸುಲಭ.

ಕೊನೆಗೆ ಹೇಳಿದ್ದು ಅವನ ನಾಲ್ಕು ವರ್ಷದ ಮೊಮ್ಮಗಳು. "ತಾತ, ನೀನು ಆ ಕೋಣೆಗೆ ಹೋಗಿ ಫೋನಿನಲ್ಲಿ ಕಥೆ ಹೇಳು" ಎಂದಳಂತೆ.

ಅಂದಿನಿಂದ ಶ್ರೀಕಂಠ ಕಳ್ಳನನ್ನು ಹುಡುಕಲು ಹೊರಟ. ಬ್ಯಾಂಕಿನಲ್ಲಿ ಲೆಕ್ಕ ತಪಾಸಣೆ ಮಾಡಿದವನು, ಸುಮ್ಮನೆ ಬಿಡುತ್ತಾನೆಯೇ? "ಹೊಟ್ಟೆ ಕೆಟ್ಟಿದೆ, ಅದರ ವಾಸನೆ ಮೇಲೆ ಬರುತ್ತಿದೆ" ಎಂದು ತೀರ್ಪು ಕೊಟ್ಟ. ಮೊದಲ ಆರೋಪಿ ಅವರೆಕಾಯಿ. ಅದೂ ಸೊಗಡಿರುವ ಮಾಗಡಿ ಅವರೆ ಗಾಡಿಗಳ ಮೇಲೆ ರಾಶಿ ಬಿದ್ದಿರುವ ಕಾಲದಲ್ಲಿ! ಜನವರಿ ಬಂದರೆ ಅವರೆಗೆಂದೇ ಮೇಳ ನಡೆಸುವ ಊರಿನಲ್ಲಿ ಹಿತಕಿದ ಬೇಳೆಯ ಸಾರನ್ನು ತಳ್ಳಿದವನನ್ನು ನಾನು ಅವನೊಬ್ಬನನ್ನೇ ನೋಡಿದ್ದು. ಆಮೇಲೆ ಈರುಳ್ಳಿ, ಬೆಳ್ಳುಳ್ಳಿ ಹೋದವು. ಆಮೇಲೆ ಹಾಲು, ಗೋಧಿ. ಸಾಲದೆಂದು ಒಂದು ಕಡೆ ಹದಿನೇಳು ಸಾವಿರ ಕೊಟ್ಟು ರಕ್ತ ಪರೀಕ್ಷೆ ಮಾಡಿಸಿ, ಮೈಗೆ ಒಗ್ಗದ ಆಹಾರಗಳ ನಾಲ್ಕು ಪುಟದ ಪಟ್ಟಿ ತಂದ. ಪಟ್ಟಿಯಲ್ಲಿ ಇಲ್ಲದ್ದು ಬಾವಿಯ ನೀರೊಂದೇ.

ಒಂದು ಶನಿವಾರ ಅವನು ಆ ಪಟ್ಟಿಯನ್ನು ಬೆಂಚಿನ ಮೇಲೆ ಹರಡಿದಾಗ ಮೂರ್ತಿಗೆ ತಡೆಯಲಾಗಲಿಲ್ಲ. ಮೂರ್ತಿ ಹಲ್ಲಿನ ಡಾಕ್ಟರು. ಕೇಳದೆ ಸಲಹೆ ಕೊಡುವ ಚಟವನ್ನು ನಿವೃತ್ತಿಯ ದಿನವೇ ಬಿಟ್ಟವನು.

"ಐಜಿಜಿ ಎಂಬ ಪ್ರತಿಕಾಯವನ್ನು ಅಳೆದಿದ್ದಾರೆ. ಅದು ಇದ್ದರೆ ನೀನು ಆ ಪದಾರ್ಥವನ್ನು ತಿಂದಿದ್ದೀಯೆ ಎಂದು ಅರ್ಥ, ಒಗ್ಗುವುದಿಲ್ಲ ಎಂದಲ್ಲ."

"ಅಂದರೆ ನಾನು ಏನೇನು ತಿಂದಿದ್ದೇನೆಂದು ತಿಳಿಯಲು ಹದಿನೇಳು ಸಾವಿರ ಕೊಟ್ಟೆನೇ?"

"ನಿನ್ನ ಹೆಂಡತಿಯನ್ನು ಕೇಳಿದ್ದರೆ ಪುಕ್ಕಟೆಯಾಗಿ ಹೇಳುತ್ತಿದ್ದರು" ಎಂದ ಪುಟ್ಟಸ್ವಾಮಿ.

"ಅವರೆಕಾಳು ತಿಂದರೆ ಹೊಟ್ಟೆ ಉಬ್ಬುವುದು ಸುಳ್ಳೇ?" ಎಂದು ಶ್ರೀಕಂಠ ಪಟ್ಟು ಹಿಡಿದ.

"ಸುಳ್ಳಲ್ಲ ಕಣಯ್ಯ. ಕಾಳುಗಳಲ್ಲಿ ರ‍್ಯಾಫಿನೋಸ್, ಸ್ಟ್ಯಾಕಿಯೋಸ್ ಎಂಬ ಸಕ್ಕರೆಗಳಿವೆ. ಅವನ್ನು ಒಡೆಯುವ ಕಿಣ್ವ ನಮ್ಮಲ್ಲಿ ಇಲ್ಲ. ಹಾಗೆಯೇ ದೊಡ್ಡ ಕರುಳಿಗೆ ಇಳಿದಾಗ ಅಲ್ಲಿನ ಬ್ಯಾಕ್ಟೀರಿಯಾಗಳಿಗೆ ಹಬ್ಬದೂಟ. ಆಗ ಹುಟ್ಟುವ ಹೈಡ್ರೋಜನ್ನಿನಲ್ಲಿ ಒಂದು ಪಾಲು ರಕ್ತಕ್ಕೆ ಸೇರಿ ಉಸಿರಿನಲ್ಲಿಯೂ ಹೊರಗೆ ಬರುತ್ತದೆ. ಆದರೆ ಹೈಡ್ರೋಜನ್ನಿಗೆ ವಾಸನೆಯೇ ಇಲ್ಲ."

"ಅವರೆಯ ಕಿತಾಪತಿ ಏನಿದ್ದರೂ ಇನ್ನೊಂದು ದಿಕ್ಕಿನಲ್ಲಿ" ಎಂದ ಪುಟ್ಟಸ್ವಾಮಿ. "ಅದನ್ನು ಚರ್ಚಿಸಲು ಬೇರೆ ಬೆಂಚು ಬೇಕು."

ಹಾಲಿನ ವಿಷಯದಲ್ಲಿ ಮಾತ್ರ ಶ್ರೀಕಂಠನ ಅನುಮಾನ ಸರಿಯಿತ್ತು. ರಾತ್ರಿ ಎರಡು ಲೋಟ ಹಾಲು ಕುಡಿದರೆ ಬೆಳಗಿನ ಜಾವ ಅವನ ಹೊಟ್ಟೆ ಗುಡುಗುತ್ತಿತ್ತು. ವಯಸ್ಸಾದಂತೆ ಹಾಲಿನ ಲ್ಯಾಕ್ಟೋಸನ್ನು ಜೀರ್ಣಿಸುವ ಕಿಣ್ವ ಬಹಳ ಜನರಲ್ಲಿ ಕಡಿಮೆಯಾಗುತ್ತದೆ. ಅದನ್ನು ಪತ್ತೆ ಹಚ್ಚಲು ಲ್ಯಾಕ್ಟೋಸ್ ಕುಡಿಸಿ, ಉಸಿರು ಊದಿಸಿ, ಅದೇ ಹೈಡ್ರೋಜನ್ ಎಷ್ಟಿದೆ ಎಂದು ನೋಡುತ್ತಾರೆ.

"ರಾತ್ರಿ ಹೊತ್ತು ಟ್ರಾಫಿಕ್ ಪೊಲೀಸರು ಊದಿಸುವ ಹಾಗೆಯೇ?"

"ಹಾಗೆಯೇ. ಇಲ್ಲಿ ದಂಡವಿಲ್ಲ. ಕಾಫಿಗೆ ಬೀಳುವಷ್ಟು ಹಾಲು ಬಹುಮಟ್ಟಿಗೆ ತಡೆದುಕೊಳ್ಳುತ್ತದೆ. ಮೊಸರಂತೂ ಇನ್ನೂ ಸಲೀಸು, ಲ್ಯಾಕ್ಟೋಸಿನ ಒಂದಷ್ಟು ಪಾಲನ್ನು ಹೆಪ್ಪಿನ ಬ್ಯಾಕ್ಟೀರಿಯಾಗಳೇ ತಿಂದಿರುತ್ತವೆ."

ಶ್ರೀಕಂಠನ ಕಣ್ಣಿನಲ್ಲಿ ನೀರು ಬಂದಿತು. ಐದು ವಾರದಿಂದ ಅವನು ಕಾಫಿ ಕುಡಿದಿರಲಿಲ್ಲ. ಬಸವನಗುಡಿಯಲ್ಲಿ ಹುಟ್ಟಿದವನು!

ಗೋಧಿಯ ವಿಷಯಕ್ಕೆ ಬಂದರೆ ಮೂರ್ತಿ ಬೈದೇ ಬಿಟ್ಟ. ಗ್ಲೂಟನ್ ಒಗ್ಗದ ಸೀಲಿಯಾಕ್ ಕಾಯಿಲೆಯ ಅನುಮಾನವಿದ್ದರೆ ಗೋಧಿ ತಿನ್ನುತ್ತಿರುವಾಗಲೇ ಪರೀಕ್ಷೆ ಆಗಬೇಕು, ಬಿಟ್ಟ ಮೇಲೆ ಮಾಡಿಸಿದರೆ ಇದ್ದದ್ದೂ ಕಾಣದೆ ಹೋಗಬಹುದು. ರಾಗಿಯಲ್ಲಿ ಗ್ಲೂಟನ್ ಇಲ್ಲವೆಂದು ತಿಳಿದದ್ದೇ ತಡ, ಮಂಡ್ಯದ ಪುಟ್ಟಸ್ವಾಮಿ ತಾನೇ ಮುದ್ದೆಯನ್ನು ಕಂಡುಹಿಡಿದವನಂತೆ ಕಾಲರು ಸರಿಮಾಡಿಕೊಂಡ.

"ನೀನು ಬೀಗಬೇಡ. ಬೆಳಿಗ್ಗೆ ಹಸಿ ಬೆಳ್ಳುಳ್ಳಿ ಜಗಿದು ಬರುತ್ತೀಯಲ್ಲ, ಅದರ ಗಂಧಕದ ಒಂದು ಅಂಶ ರಕ್ತಕ್ಕೆ ಸೇರಿ ಶ್ವಾಸಕೋಶದಿಂದ ಹೊರಬರುತ್ತದೆ. ಎಷ್ಟು ಹಲ್ಲುಜ್ಜಿದರೂ ಗಂಟೆಗಟ್ಟಲೆ ಹೋಗುವುದಿಲ್ಲ. ಜೊತೆಗೆ ಹಾಲು ಕುಡಿದರೆ ತಗ್ಗುತ್ತದೆ."

"ಹಾಗಾದರೆ ನಾನು ಬೆಳ್ಳುಳ್ಳಿ ತಿಂದರೆ ಬಾಯಿ ಕೆಡುತ್ತದೆ, ಬಾಯಿಗೆಂದು ಹಾಲು ಕುಡಿದರೆ ಹೊಟ್ಟೆ ಕೆಡುತ್ತದೆ" ಎಂದ ಶ್ರೀಕಂಠ. "ಅದಕ್ಕೇ ಎಲ್ಲ ಬಿಟ್ಟು ಸೌತೆಕಾಯಿ ತಿನ್ನುತ್ತಿದ್ದೇನೆ. ಆದರೂ ವಾಸನೆ ಹೆಚ್ಚಾಗಿದೆ ಎನ್ನುತ್ತಾಳೆ ಹೆಂಡತಿ!"

"ಹೆಚ್ಚಾಗದೆ ಏನು? ಉಪವಾಸ ಬಿದ್ದರೆ ದೇಹ ಕೊಬ್ಬನ್ನು ಉರಿಸುತ್ತದೆ, ಆಗ ಉಸಿರಿನಲ್ಲಿ ಅಸಿಟೋನ್ ಬರುತ್ತದೆ. ಉಗುರಿನ ಬಣ್ಣ ಅಳಿಸುವ ದ್ರವದ ವಾಸನೆ. ಜಗಿಯುವುದಕ್ಕೆ ಏನೂ ಇಲ್ಲದಿದ್ದರೆ ಜೊಲ್ಲೂ ಕಡಿಮೆ. ಬಾಯಿ ತೊಳೆಯುವ ಆಳು ಜೊಲ್ಲೇ ಅಲ್ಲವೇ? ಎಲ್ಲಿ, ಆ ಎನ್ನು."

ಮೂರ್ತಿ ಮೊಬೈಲ್ ದೀಪ ಹಿಡಿದ. ನಾವೂ ಬಗ್ಗಿ ನೋಡಿದೆವು. ನಾಲಿಗೆಯ ಹಿಂಭಾಗ ಪಾಚಿ ಕಟ್ಟಿದ ಕಲ್ಯಾಣಿಯ ಮೆಟ್ಟಿಲಿನಂತಿತ್ತು, ಬಣ್ಣ ಮಾತ್ರ ಬಿಳಿ.

"ಕಳ್ಳ ಮನೆಯ ಬಾಗಿಲಲ್ಲೇ ಕುಳಿತಿದ್ದಾನೆ, ನೀನು ಹಿತ್ತಲು ಅಗೆಯುತ್ತಿದ್ದೀಯೆ. ಹತ್ತು ಜನರ ಬಾಯಿ ನಾರಿದರೆ ಎಂಟೊಂಬತ್ತು ಜನರಲ್ಲಿ ಕಾರಣ ಬಾಯಿಯಲ್ಲೇ ಇರುತ್ತದೆ. ಅನ್ನನಾಳದ ಬಾಗಿಲು ತೇಗು ಬಂದಾಗ, ನುಂಗುವಾಗ ತೆರೆಯುತ್ತದೆ, ಉಳಿದಂತೆ ಮುಚ್ಚಿಯೇ ಇರುತ್ತದೆ. ದಿನವೂ ಹುಳಿತೇಗು ಬರುತ್ತಿದ್ದರೆ ಆ ಮಾತು ಬೇರೆ. ನಾಲಿಗೆ ಕೆರೆಯುವುದಿಲ್ಲವೇ?"

ಮಗನ ಫ್ಲ್ಯಾಟಿಗೆ ಬಂದಾಗ ಹಳೆಯ ತಾಮ್ರದ ಪಟ್ಟಿ ಕಳೆದುಹೋಯಿತಂತೆ. ಸೊಸೆ ಬ್ಯಾಟರಿಯ ಬ್ರಷ್ ಕೊಡಿಸಿದಳಂತೆ. ಯಾವಾಗ? ನವೆಂಬರಿನಲ್ಲಿ.

ಪಾಪ, ಅವರೆಕಾಯಿ.

ನಮ್ಮ ಬಾಯಿಯ ವಾಸನೆ ನಮಗೇ ತಿಳಿಯುವುದಿಲ್ಲ, ಮುಂಗೈ ನೆಕ್ಕಿ, ಒಣಗಲು ಬಿಟ್ಟು ಮೂಸಿ ನೋಡಬೇಕು ಎಂದ ಮೂರ್ತಿ. ನಾಲ್ವರೂ ಸಾಲಾಗಿ ಕುಳಿತು ನೆಕ್ಕಿ, ಕಾದು, ಮೂಸಿದೆವು. ಓಡುತ್ತಿದ್ದ ಹುಡುಗಿಯೊಬ್ಬಳು ನಿಂತು, ಇದು ಯಾವ ಪ್ರಾಣಾಯಾಮ ಎಂದು ವಿಚಾರಿಸಿದಳು. ಫಲಿತಾಂಶವನ್ನು ಯಾರೂ ಯಾರಿಗೂ ಹೇಳಲಿಲ್ಲ. ಹಿಂತಿರುಗುವಾಗ ಗಾಂಧಿ ಬಜಾರಿನಲ್ಲಿ ಐದು ತಾಮ್ರದ ಪಟ್ಟಿಗಳು ಮಾರಾಟವಾದವು. ಒಂದು ಹೆಚ್ಚಿಗೆ ಕೊಂಡವನು ನಾನು, ಮನೆಯವಳಿಗೆಂದು. ಕೊಡಲು ಇನ್ನೂ ಧೈರ್ಯ ಬಂದಿಲ್ಲ.

ಶ್ರೀಕಂಠ ಈಗ ಅವರೆಕಾಳಿನ ಉಪ್ಪಿಟ್ಟು ತಿನ್ನುತ್ತಾನೆ, ಕಾಫಿ ಕುಡಿಯುತ್ತಾನೆ. ರಾತ್ರಿಯ ಹಾಲಿನ ಜಾಗಕ್ಕೆ ಮಜ್ಜಿಗೆ ಬಂದಿದೆ. ಬೆಂಚಿನ ಕ್ರಮ ಮೊದಲಿನಂತಾಗಿದೆ. ಮೊಮ್ಮಗಳು ಮಾತ್ರ ಇಂದಿಗೂ ಅವನನ್ನು ಪಕ್ಕದ ಕೋಣೆಗೆ ಅಟ್ಟುತ್ತಾಳಂತೆ. ಅವಳಿಗೆ ಬೇಕಾಗಿದ್ದದ್ದು ಫೋನು.