ರೆಕಾರ್ಡರ್ ಕಲಿಯೋಕೆ ಮೇಷ್ಟ್ರು ಬೇಕಾ, ಯೂಟ್ಯೂಬ್ ಸಾಕಾ?

ನಾವಿರುವುದು ಮೈಸೂರಿನ ಕುವೆಂಪುನಗರದಲ್ಲಿ. ಮಗಳಿಗೆ 9 ವರ್ಷ, ರೆಕಾರ್ಡರ್ (ತುದಿಯನ್ನು ಬಾಯಲ್ಲಿಟ್ಟು ನೇರವಾಗಿ ಊದುವ ಪಾಶ್ಚಾತ್ಯ ಕೊಳಲು) ಕಲಿಯಬೇಕು ಅಂತ ಹಟ ಹಿಡಿದಿದ್ದಾಳೆ. ಮನೆಪಾಠಕ್ಕೆ ಕಳಿಸೋಣವಾ, ಯೂಟ್ಯೂಬ್ ಸಾಕಾ? ಯಾವ ವಾದ್ಯ ತಗೊಳ್ಳಲಿ? ಕಲಿತವರು ದಯವಿಟ್ಟು ಹೇಳಿ.

ಸರಸ್ವತಿಪುರಂನಿಂದ:

ನಾನೂ ನನ್ನ ಮಗನೂ ಮೂರು ವರ್ಷದಿಂದ ಒಬ್ಬ ಮೇಡಂ ಮನೆಗೆ ಹೋಗಿ ಕಲಿಯುತ್ತಿದ್ದೇವೆ. ದಯವಿಟ್ಟು ಪಾಠಕ್ಕೇ ಕಳಿಸಿ. ನಮ್ಮ ಬಿದಿರಿನ ಕೊಳಲಿನ ಹಾಗೆ ಇದರಲ್ಲಿ ತುಟಿ ಹೊಂದಿಸಿಕೊಳ್ಳಲು ವಾರಗಟ್ಟಲೆ ಒದ್ದಾಡಬೇಕಿಲ್ಲ, ಊದಿದರೆ ಮೊದಲ ದಿನವೇ ಸದ್ದು ಬರುತ್ತದೆ, ಸದ್ದು ಬಂತಲ್ಲ ಅಂತ ಎಲ್ಲ ಸರಿಯಿದೆ ಅಂದುಕೊಂಡುಬಿಡುತ್ತೇವೆ. ಎಡವಟ್ಟಾಗೋದು ಅಲ್ಲೇ. ಮೊದಲ ಆರು ತಿಂಗಳು ವೀಡಿಯೋ ನೋಡಿ ಕಲಿತ ನಮಗೆ ಜೋರಾಗಿ ಊದುವ ಅಭ್ಯಾಸ ಬಿದ್ದಿತ್ತು. ಜೋರಾಗಿ ಊದಿದರೆ ಸ್ವರ ಮೇಲೇರುತ್ತದೆ, ತೀರಾ ಮೆಲ್ಲಗೆ ಊದಿದರೆ ಇಳಿಯುತ್ತದೆ. ನಮ್ಮ ಕಿವಿಗೆ ಅದು ಗೊತ್ತೇ ಆಗುತ್ತಿರಲಿಲ್ಲ. ಮೊದಲ ಪಾಠದಲ್ಲಿ ಮೇಡಂ ಹಾಡಿನ ತಂಟೆಗೇ ಹೋಗಲಿಲ್ಲ. ತಮ್ಮ ರೆಕಾರ್ಡರ್ ತಗೊಂಡು ಅದೇ ಸ್ವರವನ್ನು ನಮ್ಮ ಜೊತೆಗೇ ಊದಿದರು. ಎರಡೂ ಸೇರದೆ ಗುಂಯ್ ಗುಂಯ್ ಅಂತ ನಡುಗುವುದು ಆಗ ಕೇಳಿಸಿತು. ಉಸಿರು ತಗ್ಗಿಸುತ್ತಾ ಹೋದ ಹಾಗೆ ನಡುಕ ನಿಂತು ಒಂದೇ ಸ್ವರ ಆಯಿತು. ಮಗ ಕಣ್ಣರಳಿಸಿ ನನ್ನ ಕಡೆ ನೋಡಿದ. ವೀಡಿಯೋ ನಮ್ಮನ್ನು ಕೇಳಿಸಿಕೊಳ್ಳುವುದಿಲ್ಲ ಅಲ್ವಾ.

9 ವರ್ಷದ ಕೈಗೆ ಸೊಪ್ರಾನೋ ಅನ್ನೋ ಚಿಕ್ಕ ಅಳತೆಯದು ಸರಿ, ಪ್ಲಾಸ್ಟಿಕ್‌ದೇ ಸಾಕು. ಆದರೆ ಬೆರಳಿಡುವ ಕ್ರಮದಲ್ಲಿ (ಫಿಂಗರಿಂಗ್) ಬರೋಕ್, ಜರ್ಮನ್ ಅಂತ ಎರಡು ಬಗೆ ಇದೆ, ಬರೋಕ್ ಫಿಂಗರಿಂಗ್‌ನದ್ದೇ ಕೇಳಿ. ಮಕ್ಕಳಿಗೆ ಸುಲಭ ಅಂತ ಅಂಗಡಿಯವರು ನಮಗೆ ಜರ್ಮನ್ ಕೊಟ್ಟಿದ್ದರು. ಅದರಲ್ಲಿ ಎಫ್ ಸ್ವರ (ಪಾಶ್ಚಾತ್ಯ ಸಂಗೀತದಲ್ಲಿ ಸ್ವರಗಳಿಗೆ ಇಂಗ್ಲಿಷ್ ಅಕ್ಷರಗಳೇ ಹೆಸರು) ಸುಲಭ, ನಿಜ. ಅದಕ್ಕಿಂತ ಅರ್ಧ ಸ್ವರ ಮೇಲಿನ ಎಫ್ ಶಾರ್ಪ್ ಬಂದ ಕೂಡಲೇ ಶ್ರುತಿ ಕೆಡುತ್ತದೆ, ಬೆರಳು ಕಲಿತದ್ದನ್ನು ಮರೆಸೋಕೆ ನಮಗೆ ಎರಡು ತಿಂಗಳು ಹಿಡಿಯಿತು. ಯಮಹಾದಲ್ಲಾದರೆ ವೈಆರ್‌ಎಸ್ 24ಬಿ ಬರೋಕ್, ವೈಆರ್‌ಎಸ್ 23 ಜರ್ಮನ್.

ಮುಂದೆ 7 ತೂತು, ಹಿಂದೆ ಹೆಬ್ಬೆರಳಿಗೆ ಒಂದು. ಹಿಡಿಯುವಾಗ ಎಡಗೈ ಮೇಲೆ, ಬಲಗೈ ಕೆಳಗೆ. ಮೊದಲು ಬಿ, ಎ, ಜಿ ಮೂರೇ ಸ್ವರ, ಪ್ರತಿಯೊಂದನ್ನೂ ನಾಲಿಗೆಯಿಂದ 'ತು' ಅಂತ ಶುರು ಮಾಡಿಸುತ್ತಾರೆ. ಐದು ವಾರ ಇದರಲ್ಲೇ ಹೋದರೂ ಅವಸರ ಮಾಡಬೇಡಿ. ಮೇಲಿನ ಸ್ಥಾಯಿಗೆ ಹೆಬ್ಬೆರಳ ತೂತನ್ನು ಒಂದು ಚೂರು ಮಾತ್ರ ತೆರೆಯಬೇಕು, ಅದು ನನಗೆ ಇವತ್ತಿಗೂ ಕಷ್ಟ.

ಮಂಡ್ಯದಿಂದ:

ನಮಗೆ ಇಲ್ಲಿ ಕಲಿಸುವವರು ಸಿಗದೆ, 15 ದಿನಕ್ಕೊಮ್ಮೆ ಮಗನನ್ನು ರೈಲಿನಲ್ಲಿ ಮೈಸೂರಿಗೆ ಕರೆದುಕೊಂಡು ಹೋಗುತ್ತೇನೆ. ಉಳಿದಂತೆ ಮನೆಯಲ್ಲಿ ದಿನಾ ಕಾಲು ಗಂಟೆ. ಮೊದಲು ಸೇರಿಸಿದ್ದು ಕೀಬೋರ್ಡ್ ಕಲಿಸುವ ಒಬ್ಬರ ಹತ್ತಿರ. ಪುಸ್ತಕ ತೆರೆದು ಬೆರಳು ತೋರಿಸುತ್ತಿದ್ದರೇ ಹೊರತು ಒಂದು ಸಲವೂ ತಾವು ಊದಲಿಲ್ಲ. ಹಾಗಾಗಿ ಫೀಸು ಕಟ್ಟುವ ಮುಂಚೆ ಒಂದು ಪಾಠಕ್ಕೆ ಸುಮ್ನೆ ಕೂತು ನೋಡಿ, ಮಗುವಿನ ಜೊತೆ ಊದುತ್ತಾರಾ ಅಂತ. ಲಂಡನ್ನಿನ ಟ್ರಿನಿಟಿ ಕಾಲೇಜು ನಡೆಸುವ ಸಂಗೀತದ ಗ್ರೇಡ್ ಪರೀಕ್ಷೆ ರೆಕಾರ್ಡರಿಗೂ ಇದೆ, ಮೊದಲ ವರ್ಷವೇ ಬೇಡ.

ಇನ್ನೊಂದು. ನಡುವೆ ಸದ್ದು ಕಟ್ಟಿಕೊಂಡ ಹಾಗಾದರೆ ವಾದ್ಯ ಹಾಳಾಯಿತು ಅಂತ ಹೆದರಬೇಡಿ, ಉಸಿರಿನ ತೇವ ಒಳಗೆ ನಿಂತಿರುತ್ತದೆ. ಊದುವ ಮೊದಲು ತಲೆಭಾಗವನ್ನು ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡಿಕೊಳ್ಳಲು ಹೇಳಿ, ಡಿಸೆಂಬರ್ ಚಳಿಯಲ್ಲಂತೂ ಮರೆಯದೆ.