ಥಿಯೇಟರ್‌ಗೆ ಮನೆ ತಿಂಡಿ ತಗೊಂಡೋಗೋದು ತಪ್ಪಾ? ಅತ್ತೆಗೆ ಶುಗರ್, ಮಗುಗೆ ಮೂರು ವರ್ಷ

ವಿಜಯನಗರ_ಮನೆ

ಎಲ್ರಿಗೂ ನಮಸ್ಕಾರ. ಈ ಭಾನುವಾರ ಮನೆಯವರೆಲ್ಲಾ ಸೇರಿ ಮಾಲ್‌ನಲ್ಲಿ ಸಿನಿಮಾ ನೋಡೋಣ ಅಂತಿದೀವಿ, ಮ್ಯಾಟ್ನಿ ಶೋ. ಅತ್ತೆ, ನಾನು, ನಮ್ಮ ಯಜಮಾನ್ರು, ಮೂರು ವರ್ಷದ ಮಗ. ಅತ್ತೆಗೆ ಶುಗರ್ ಇದೆ, ಇನ್ಸುಲಿನ್ ತಗೋತಾರೆ, ಅದೂ ಅಲ್ದೆ ಹೊರಗಡೆ ಈರುಳ್ಳಿ ಬೆಳ್ಳುಳ್ಳಿ ಹಾಕಿದ್ದು ಮುಟ್ಟಲ್ಲ, ಹಾಗಾಗಿ ಎಲ್ಲಿಗೆ ಹೋದ್ರೂ ಒಂದು ಡಬ್ಬಿ ಜೊತೆಗಿರುತ್ತೆ.

ಹೋದ ಸಲ ಒಂದು ಮಲ್ಟಿಪ್ಲೆಕ್ಸಲ್ಲಿ (ಹೆಸರು ಬೇಡ ಬಿಡಿ) ಗೇಟ್ ಹತ್ರ ಬ್ಯಾಗ್ ಬಿಚ್ಚಿಸಿ ಚಪಾತಿ ಡಬ್ಬಿ, ನೀರಿನ ಬಾಟ್ಲಿ, ಮಗು ಬಿಸ್ಕತ್ತು ಒಂದೊಂದೇ ತೆಗೆದು ಟೇಬಲ್ ಮೇಲೆ ಸಾಲಾಗಿ ಇಟ್ರು, ಹಿಂದೆ ಜನ ಕ್ಯೂ ನಿಂತು ನೋಡ್ತಾ ಇದ್ರು, ಅತ್ತೆ ಒಂದ್ ಮಾತೂ ಆಡ್ಲಿಲ್ಲ ಆದ್ರೆ ಇಂಟರ್ವಲ್‌ವರೆಗೂ ಅವ್ರ ಮುಖ ನೋಡಕ್ಕಾಗ್ಲಿಲ್ಲ ನಂಗೆ. ಮಗುಗೆ ಹಸಿವಾಗಿ ಕೊನೆಗೆ ಅಲ್ಲೇ ಪಾಪ್‌ಕಾರ್ನ್ ಕೊಡಿಸಿದ್ವಿ.

ನಮ್ಮ ಯಜಮಾನ್ರು ಹೇಳೋದು ಬೇರೆ. ಪಕ್ಕದಲ್ಲಿ ಕೂತಿರೋರೂ ದುಡ್ಡು ಕೊಟ್ಟೇ ಬಂದಿರ್ತಾರೆ, ಕತ್ತಲಲ್ಲಿ ಡಬ್ಬಿ ತೆಗೆದ್ರೆ ಪಲ್ಯದ ವಾಸನೆ ಅವ್ರಿಗ್ಯಾಕೆ ಅಂತಾರೆ. ಅದೂ ನಿಜಾನೇ ಅನ್ಸುತ್ತೆ. ಹಾಗಾದ್ರೆ ರೂಲ್ಸ್ ಏನಿದೆ, ಮತ್ತೆ ರೂಲ್ಸ್ ಪಕ್ಕಕ್ಕಿಟ್ರೂ ನಾಲ್ಕು ಜನ ಕೂತಿರೋ ಕಡೆ ಏನು ತಿನ್ನೋದು ಮರ್ಯಾದೆ, ಏನು ಅಲ್ಲ? ದಯವಿಟ್ಟು ಗೊತ್ತಿರೋರು ಹೇಳಿ.

ಬಸವನಗುಡಿ_ವಕೀಲ

ಮೊದ್ಲು ರೂಲ್ಸ್ ಮುಗಿಸಿಬಿಡ್ತೀನಿ ಮೇಡಂ. 2018ರಲ್ಲಿ ಜಮ್ಮು ಕಾಶ್ಮೀರ ಹೈಕೋರ್ಟು, ಪ್ರೇಕ್ಷಕರು ಹೊರಗಿಂದ ತರೋ ತಿಂಡಿ ತಡೀಬೇಡಿ ಅಂತ ಥಿಯೇಟರ್‌ಗಳಿಗೆ ಹೇಳಿತ್ತು. ಅದನ್ನ ಸುಪ್ರೀಂ ಕೋರ್ಟ್ 2023ರ ಜನವರಿ 3ರಂದು ರದ್ದು ಮಾಡ್ತು, ಆಗಿನ ಮುಖ್ಯ ನ್ಯಾಯಮೂರ್ತಿ ಚಂದ್ರಚೂಡ್ ಮತ್ತೆ ನ್ಯಾಯಮೂರ್ತಿ ನರಸಿಂಹ ಅವರ ಪೀಠ. ಥಿಯೇಟರ್ ಖಾಸಗಿ ಜಾಗ, ಒಳಗೆ ಏನು ಬರಬಹುದು ಏನು ಬರಬಾರದು ಅಂತ ಮಾಲೀಕರು ಷರತ್ತು ಹಾಕಬಹುದು, ಒಳಗೆ ಮಾರೋದನ್ನ ಕೊಂಡ್ಕೊಳ್ಳಲೇಬೇಕು ಅಂತ ಯಾರಿಗೂ ಬಲವಂತ ಇಲ್ಲ ಅನ್ನೋದು ಅದರ ಸಾರ. ವಿಚಾರಣೆ ವೇಳೆ ಜಿಲೇಬಿ ತಂದು ಅಂಟು ಕೈಯನ್ನ ಸೀಟಿಗೆ ಒರೆಸಿದ್ರೆ ಕ್ಲೀನಿಂಗ್ ಖರ್ಚು ಯಾರು ಕೊಡ್ತಾರೆ ಅಂತ ಮುಖ್ಯ ನ್ಯಾಯಮೂರ್ತಿಗಳು ಕೇಳಿದ್ದು ಪೇಪರ್‌ನಲ್ಲೆಲ್ಲಾ ಬಂದಿತ್ತು.

ಆದ್ರೆ ಅದೇ ಆದೇಶದಲ್ಲಿ ನಿಮಗೆ ಬೇಕಾಗಿರೋ ಎರಡು ವಿಷಯ ಇದೆ. ಥಿಯೇಟರ್‌ನವರು ಶುದ್ಧವಾದ ಕುಡಿಯೋ ನೀರು ಫ್ರೀಯಾಗಿ ಕೊಡಬೇಕು. ಚಿಕ್ಕ ಮಗು ಜೊತೆ ಬಂದ ತಂದೆ ತಾಯಿ ಆ ಮಗುಗೆ ಬೇಕಾದಷ್ಟು ಆಹಾರ ತರಬಹುದು, ಅದನ್ನ ತಡಿಯೋ ಹಾಗಿಲ್ಲ. ಮೂರು ವರ್ಷದ ಮಗು ಅದರಲ್ಲಿ ಬರುತ್ತಾ ಅಂತ ಗೇಟಲ್ಲಿ ನಿಂತು ವಾದ ಮಾಡೋ ಪರಿಸ್ಥಿತಿ ಬರಬಹುದು, ಆಗ ದನಿ ಏರಿಸದೆ ಡ್ಯೂಟಿ ಮ್ಯಾನೇಜರ್ ಕರೀರಿ ಅನ್ನಿ, ಗೇಟಲ್ಲಿ ನಿಂತಿರೋ ಹುಡುಗನ ಕೈಲಿ ಯಾವ ಅಧಿಕಾರಾನೂ ಇರಲ್ಲ.

ಅತ್ತೆಯವರ ಡಬ್ಬಿಗೆ ಕಾನೂನಿನ ಬಲ ಇಲ್ಲ. ಅದು ಮ್ಯಾನೇಜರ್ ಮನಸ್ಸು. ಡಾಕ್ಟ್ರು ಚೀಟಿ ಫೋನಲ್ಲಿ ಫೋಟೋ ಇಟ್ಕೊಳ್ಳಿ, ಇನ್ಸುಲಿನ್ ತಗೊಳೋರು ಅಂತ ತೋರಿಸಿದ್ರೆ ಸಾಮಾನ್ಯವಾಗಿ ಬಿಡ್ತಾರೆ.

ಖಾರಾಬನ್_ಗೆಳೆಯ

ವಕೀಲರು ಹೇಳಿದ್ದು ಸರಿ ಇರಬಹುದು ಆದ್ರೆ ನಂಗೆ ಒಪ್ಪಿಗೆ ಇಲ್ಲ. ಒಂದು ಟಬ್ ಪಾಪ್‌ಕಾರ್ನ್ ದುಡ್ಡಲ್ಲಿ ದರ್ಶಿನಿಯಲ್ಲಿ ಮನೆಮಂದಿಯೆಲ್ಲಾ ತಿಂಡಿ ತಿನ್ಬಹುದು. ಕೇಳಿದ್ರೆ ಟ್ಯಾಕ್ಸ್ ಅಂತಾರೆ, 2023ರ ಜುಲೈನಲ್ಲೇ ಜಿಎಸ್‌ಟಿ ಕೌನ್ಸಿಲ್ ಥಿಯೇಟರ್ ತಿಂಡಿಗೆ ಹೋಟೆಲ್ ಥರಾನೇ 5 ಪರ್ಸೆಂಟ್ ಅಂತ ಸ್ಪಷ್ಟ ಮಾಡಿದೆ. ಅಸಲಿ ವಿಷಯ ಏನಂದ್ರೆ ಟಿಕೆಟ್ ದುಡ್ಡಲ್ಲಿ ಡಿಸ್ಟ್ರಿಬ್ಯೂಟರ್‌ಗೆ ಪಾಲು ಹೋಗುತ್ತೆ, ಪಾಪ್‌ಕಾರ್ನ್ ದುಡ್ಡಲ್ಲಿ ಅವ್ರಿಗೆ ಪಾಲು ಕೊಡಬೇಕಾಗಿಲ್ಲ. ಅದಕ್ಕೇ ಆ ಡಬ್ಬಿ ಕಂಡ್ರೆ ಅಷ್ಟು ಕಷ್ಟ. 2025ರ ಸೆಪ್ಟೆಂಬರ್‌ನಲ್ಲಿ ನಮ್ಮ ಸರ್ಕಾರ ಟಿಕೆಟ್‌ಗೆ 200 ರೂಪಾಯಿ ಮಿತಿ ಹಾಕ್ತು, ಅದೇ ತಿಂಗಳು ಹೈಕೋರ್ಟ್ ತಡೆ ಕೊಡ್ತು, ಆ ಮಿತಿ ಬಗ್ಗೆ ಎಷ್ಟು ಚರ್ಚೆ ಆಯ್ತು ಆದ್ರೆ ಒಳಗಡೆ ತಿಂಡಿ ರೇಟ್ ಬಗ್ಗೆ ಅದರ ಕಾಲು ಭಾಗಾನೂ ಆಗ್ಲಿಲ್ಲ.

ನಾನಂತೂ ಐಯ್ಯಂಗಾರ್ ಬೇಕರಿ ಖಾರಾ ಬನ್ನು, ಕಾಂಗ್ರೆಸ್ ಕಡ್ಲೆಕಾಯಿ ಜಾಕೆಟ್ ಒಳಗಡೆ ಇಟ್ಕೊಂಡೇ ಹೋಗೋದು, ಮೇಡಂ ನೀವೂ ವ್ಯಾನಿಟಿ ಬ್ಯಾಗ್ ತಳದಲ್ಲಿ ಇಟ್ಕೊಳ್ಳಿ, ಮೇಲೆ ಮಗು ಬಟ್ಟೆ ಹಾಕಿ, ಯಾರೂ ಕೆದಕಲ್ಲ.

ಲಾಸ್ಟ್‌ಶೋ_ಕೆಲಸ

ನಾನು ಒಂದು ಮಲ್ಟಿಪ್ಲೆಕ್ಸಲ್ಲಿ ಹೌಸ್‌ಕೀಪಿಂಗ್ ಸೂಪರ್ವೈಸರ್ ಆಗಿದ್ದೆ, ಈಗ ಬೇರೆ ಕೆಲಸದಲ್ಲಿದೀನಿ, ಹಾಗಾಗಿ ಬಿಚ್ಚಿ ಹೇಳ್ತೀನಿ.

ಖಾರಾಬನ್ ಬ್ರದರ್, ರೇಟ್ ವಿಷಯದಲ್ಲಿ ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆದ್ರೆ ಬಚ್ಚಿಟ್ಕೊಂಡು ತರೋ ತಿಂಡಿಗೆ ಒಂದು ತೊಂದ್ರೆ ಇದೆ, ಕವರ್‌ನ ವಾಪಸ್ ಯಾರೂ ತಗೊಂಡೋಗಲ್ಲ. ಸಿಕ್ಕಾಕೊಳ್ತೀವಿ ಅಂತ ಹೆದರಿಕೆ ಇರುತ್ತಲ್ವಾ, ಅದಕ್ಕೆ ಖಾಲಿ ಕವರ್‌ನ ಸೀಟು ಮಡಚೋ ಸಂದಿಗೆ ತುರುಕಿ ಹೋಗ್ತಾರೆ. ಶೋ ಬಿಟ್ಟು ಮುಂದಿನ ಶೋಗೆ ಜನ ಬಿಡೋಷ್ಟರಲ್ಲಿ ನಮಗೆ ಸಿಗೋದು ಕಾಲು ಗಂಟೆ, ಸಿನಿಮಾ ಉದ್ದ ಇದ್ರೆ ಅದೂ ಇಲ್ಲ. ಅಷ್ಟರಲ್ಲಿ ಮೂರೋ ನಾಲ್ಕೋ ಜನ ಒಂದು ಸ್ಕ್ರೀನ್ ಪೂರ್ತಿ ಮುಗಿಸಬೇಕು. ಪಾಪ್‌ಕಾರ್ನ್ ಚೆಲ್ಲಿದ್ರೆ ಒಂದೇ ಸಲ ಗುಡಿಸಿದ್ರೆ ಬರುತ್ತೆ. ಕಡ್ಲೆಕಾಯಿ ಸಿಪ್ಪೆ ಬರಲ್ಲ. ಸೀಟಿನ ಸ್ಪ್ರಿಂಗ್ ಹತ್ರ ಇಳಿದಿರುತ್ತೆ, ಮೊಣಕಾಲೂರಿ ಟಾರ್ಚ್ ಹಿಡ್ಕೊಂಡು ಬೆರಳಲ್ಲಿ ಒಂದೊಂದೇ ಕೀಳಬೇಕು. ನಮ್ಮಲ್ಲಿ ಒಬ್ರು ಅಕ್ಕ ಇದ್ರು, ವಯಸ್ಸಾದವರು, ಸೀಟಿನ ಸಂದಿಗೆ ಕೈ ಹಾಕಿದಾಗ ಟೂತ್‌ಪಿಕ್ ಉಗುರೊಳಗೆ ಹೋಗಿ ಕೈ ಊದ್ಕೊಂಡಿತ್ತು, ರಜೆ ಹಾಕಿದ್ರೆ ಸಂಬಳ ಕಟ್ ಅಂತ ಬಟ್ಟೆ ಸುತ್ಕೊಂಡೇ ಮಾರನೇ ದಿನ ಬಂದ್ರು. ಆ ಟೂತ್‌ಪಿಕ್ ಹೊರಗಿಂದ ಬಂದಿದ್ದಾ ಒಳಗಿನದ್ದಾ ನಂಗೊತ್ತಿಲ್ಲ. ಎಲ್ಲಿಂದ ಬಂದ್ರೂ ಅದನ್ನ ಅಲ್ಲಿ ಚುಚ್ಚಿಟ್ಟು ಹೋದೋರು ಇದ್ದಾರಲ್ಲ, ಅದು ತಪ್ಪು.

ಆದ್ರೆ ನಾವು ಒಳಗೆ ಮಾರೋದೇನೂ ಶುದ್ಧ ಅಲ್ಲ. ನ್ಯಾಚೋಸ್ ಚೀಸ್ ಸಾಸು ಕಾರ್ಪೆಟ್‌ಗೆ ಬಿದ್ರೆ ರಾತ್ರಿ ಶಾಂಪೂ ಹಾಕಿ ಉಜ್ಜಬೇಕು, ಚೆಲ್ಲಿದ ಕೋಲಾ ಒಣಗಿದ ಮೇಲೆ ಚಪ್ಪಲಿ ಅಂಟ್ಕೊಳ್ಳುತ್ತೆ. ಅದ್ರ ಮುಂದೆ ಒಣ ಚಪಾತಿ ಸುರುಳಿ ಏನೇನೂ ಅಲ್ಲ ಮೇಡಂ. ನ್ಯಾಚೋಸ್ ಕರಂ ಕರಂ ಸದ್ದಿಗೆ, ಚೀಸ್ ವಾಸನೆಗೆ ಯಾರೂ ಮಾತಾಡಲ್ಲ, ನಿಮ್ಮ ಅತ್ತೆ ಚಪಾತಿಗೆ ಎಲ್ರೂ ಮೂಗು ಮುರೀತಾರೆ ಅಂದ್ರೆ ನಂಗೆ ಹೊಟ್ಟೆ ಉರಿಯುತ್ತೆ. ಸದ್ದು, ವಾಸನೆ, ಕಸ, ಈ ಮೂರನ್ನ ನೋಡಿ. ಯಾರ ಅಂಗಡಿಯಲ್ಲಿ ಕೊಂಡಿದ್ದು ಅನ್ನೋದು ಪಕ್ಕದವರಿಗೆ ಸಂಬಂಧಾನೇ ಇಲ್ಲ.

ಬಾಲ್ಕನಿ_ಟಿಕೆಟ್

ಹಾಲ್ ನೋಡ್ಕೊಂಡು ಮರ್ಯಾದೆ ಬದಲಾಗುತ್ತೆ ಸ್ವಾಮಿ. ನಾವು ಮಾಗಡಿ ರೋಡ್ ಕಡೆಯವರು, ವೀರೇಶ್, ಪ್ರಸನ್ನ, ಆ ಕಡೆ ರಾಜಾಜಿನಗರದ ನವರಂಗ್, ಇಲ್ಲೆಲ್ಲಾ ಸಿನಿಮಾ ನೋಡ್ಕೊಂಡೇ ಬೆಳೆದಿದ್ದು. ಮೆಜೆಸ್ಟಿಕ್ ಕಡೆ ಹೋದ್ರೆ ಕೆಂಪೇಗೌಡ ರೋಡ್ ತುಂಬಾ ಥಿಯೇಟರ್ರೇ ಇದ್ವು. ಇಂಟರ್ವಲ್ ಬಿಟ್ರೆ ಗೇಟ್ ಹತ್ರ ಚುರುಮುರಿ ಗಾಡಿ, ಪೊಟ್ಟಣ ಕಟ್ಟಿಸ್ಕೊಂಡು ಒಳಗೆ ಬಂದು ಕೂತ್ರೆ ಆಯ್ತು. ಸ್ಟಾರ್ ಎಂಟ್ರಿಗೆ ಶಿಳ್ಳೆ, ಪೇಪರ್ ಚೂರು, ಕುಣಿತ, ಇದರ ಮಧ್ಯೆ ನಿಪ್ಪಟ್ಟು ಕಡಿದ ಸದ್ದು ಯಾರಿಗೆ ಕೇಳುತ್ತೆ. 2004ರಲ್ಲಿ ಕೋರಮಂಗಲ ಫೋರಂನಲ್ಲಿ ಮಲ್ಟಿಪ್ಲೆಕ್ಸ್ ಬಂದ ಮೇಲೆ ಮಾಲ್ ಸಿನಿಮಾ ರೂಢಿ ಆಯ್ತು, ಅಲ್ಲಿ ಹಾಲು ಚಿಕ್ಕದು, ಎಸಿ, ಕಿಟಕಿ ಬಾಗಿಲು ಏನೂ ತೆಗೆಯಲ್ಲ, ವಾಸನೆ ಅಲ್ಲಲ್ಲೇ ಸುತ್ತುತ್ತೆ, ಉಸಿರಾಡಿದ್ರೂ ಪಕ್ಕದವರಿಗೆ ಕೇಳುತ್ತೆ. ಅದಕ್ಕೇ ಅಲ್ಲಿ ಜಾಸ್ತಿ ಹುಷಾರಾಗಿರಬೇಕು. ಮೊಟ್ಟೆ ಪಪ್ಸು, ಬಿರಿಯಾನಿ, ಉಪ್ಪಿನಕಾಯಿ, ಇಂಗು ಹಾಕಿದ್ದು ಒಳಗಡೆ ಬಿಚ್ಚಬೇಡಿ, ಅದು ಮನೇದಾಗಲಿ ಕೌಂಟರ್‌ದಾಗಲಿ.

ಇನ್ನೊಂದು, ಚಿಪ್ಸ್ ಪ್ಯಾಕೆಟ್ ಒಡೆಯೋರು ಸಿನಿಮಾ ಶುರು ಆಗೋ ಮುಂಚೆ ಜಾಹೀರಾತು ಓಡ್ತಿರುವಾಗ್ಲೇ ಒಡೆದಿಟ್ಕೊಳ್ಳಿ. ತಾಯಿ ಸಾಯೋ ಸೀನ್‌ನಲ್ಲಿ ಹಿಂದಿನ ಸೀಟಲ್ಲಿ ಸರಪರ ಸರಪರ ಅಂತ ಸದ್ದು ಬಂದ್ರೆ ಅಳು ಬರೋ ಬದಲು ರೇಗುತ್ತೆ.

ಸಿಸ್ಟರ್_ಕೆಂಗೇರಿ

ನಾನು ನರ್ಸ್, ಅದಕ್ಕೆ ಅತ್ತೆ ಮತ್ತೆ ಮಗು ವಿಷಯಕ್ಕೆ ಮಾತ್ರ ಬರ್ತೀನಿ.

ಇನ್ಸುಲಿನ್ ತಗೊಳೋರು ಊಟದ ಟೈಮ್ ತಪ್ಪಿಸಬಾರದು. ಜಾಹೀರಾತು, ಇಂಟರ್ವಲ್ ಎಲ್ಲಾ ಸೇರಿ ಮೂರು ಗಂಟೆ ಅಲ್ಲೇ ಕಳೆಯುತ್ತೆ, ಜೊತೆಗೆ ಟ್ರಾಫಿಕ್ಕು. ಮ್ಯಾಟ್ನಿ ಅಂದ್ರೆ ಮಧ್ಯಾಹ್ನದ ಊಟ ಮನೇಲಿ ಮುಗಿಸಿಯೇ ಹೊರಡಿ, ಇನ್ಸುಲಿನ್ ಹಾಕ್ಕೊಂಡು ಅಲ್ಲಿ ಹೋಗಿ ತಿಂದ್ರಾಯ್ತು ಅನ್ನೋದು ಮಾತ್ರ ಬೇಡವೇ ಬೇಡ. ಕೈ ನಡುಕ, ತಣ್ಣನೆ ಬೆವರು, ಎದೆ ಡವಡವ, ಮಾತು ತೊದಲೋದು, ಇದೆಲ್ಲಾ ಶುಗರ್ ಇಳಿದಿರೋ ಲಕ್ಷಣ. ಥಿಯೇಟರ್ ಕತ್ತಲಲ್ಲಿ ಇದು ಪಕ್ಕದಲ್ಲಿ ಕೂತಿರೋರಿಗೂ ಕಾಣಲ್ಲ, ಅತ್ತೆ ಸುಮ್ನೆ ಕೂತಿದಾರೆ ಅಂದ್ಕೋತೀರ, ಆಗಾಗ ಮಾತಾಡಿಸ್ತಾ ಇರಿ. ಚೆಕ್ ಮಾಡಿದಾಗ ಶುಗರ್ 70ಕ್ಕಿಂತ ಕೆಳಗೆ ಹೋಗಿದ್ರೆ 15 ಗ್ರಾಂ ಸಕ್ಕರೆ ತಕ್ಷಣ ಹೊಟ್ಟೆಗೆ ಹೋಗಬೇಕು, ಅಂದಾಜು ಮೂರು ಟೀ ಚಮಚ, ಕಾಲು ಗಂಟೆ ಬಿಟ್ಟು ಮತ್ತೆ ಚೆಕ್ ಮಾಡಿ. ಗ್ಲೂಕೋಸ್ ಪುಡಿನೋ ಸಕ್ಕರೆ ಪೊಟ್ಟಣನೋ ಮಾತ್ರೆ ಡಬ್ಬಿ ಜೊತೇಲೇ ಇಡಿ. ಇದನ್ನ ಗೇಟಲ್ಲಿ ಯಾರು ಕೇಳಿದ್ರೂ ಬಿಟ್ಕೊಡಬೇಡಿ, ಇದು ತಿಂಡಿ ಅಲ್ಲ, ಔಷಧಿ.

ಮಗುಗೆ ಪಾಪ್‌ಕಾರ್ನ್ ಕೊಟ್ವಿ ಅಂದ್ರಲ್ಲ, ದಯವಿಟ್ಟು ಇನ್ಮುಂದೆ ಕೊಡಬೇಡಿ. ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಪಾಪ್‌ಕಾರ್ನ್, ಇಡೀ ಕಡ್ಲೆಬೀಜ ಗಂಟಲಿಗೆ ಸಿಕ್ಕಾಕೊಳ್ಳೋ ಅಪಾಯ ಇದೆ ಅಂತ ಮಕ್ಕಳ ಡಾಕ್ಟ್ರುಗಳೇ ಬೇಡ ಅಂತಾರೆ. ಅದರಲ್ಲೂ ಕತ್ತಲು, ಜೋರು ಸೌಂಡು, ಕೆಮ್ಮಿದ್ರೂ ಕೇಳಲ್ಲ. ಮ್ಯಾನೇಜರ್ ಹತ್ರ ಮಾತಾಡಬೇಕಾಗಿ ಬಂದ್ರೆ ಇದನ್ನೇ ಹೇಳಿ, ನಿಮ್ಮಲ್ಲಿ ಜಾಸ್ತಿ ಇರೋದು ಪಾಪ್‌ಕಾರ್ನ್, ಅದನ್ನ ಮಗು ತಿನ್ನೋ ಹಾಗಿಲ್ಲ ಅಂತ. ಬಾಳೆಹಣ್ಣು ಚಿಕ್ಕದಾಗಿ ಹೆಚ್ಚಿ ಪುಟ್ಟ ಡಬ್ಬಿಗೆ ಹಾಕ್ಕೊಳ್ಳಿ, ಇಲ್ಲಾ ಮೆತ್ತಗಿರೋ ಇಡ್ಲಿ ತುಂಡು. ಸದ್ದೂ ಇಲ್ಲ, ವಾಸನೇನೂ ಇಲ್ಲ.

ವಿಜಯನಗರ_ಮನೆ

ಸಿಸ್ಟರ್, ಪಾಪ್‌ಕಾರ್ನ್ ವಿಷಯ ಯಾರೂ ಹೇಳೇ ಇರಲಿಲ್ಲ, ತುಂಬಾ ಥ್ಯಾಂಕ್ಸ್. ಲಾಸ್ಟ್‌ಶೋ ಅವರು ಹೇಳಿದ ಆ ಅಕ್ಕನ ವಿಷಯ ಯಜಮಾನ್ರಿಗೂ ಓದಿ ಹೇಳ್ದೆ. ಬಚ್ಚಿಟ್ಕೊಂಡು ಹೋಗೋದು ನಮ್ಮ ಅತ್ತೆ ಒಪ್ಪೋದೂ ಇಲ್ಲ, ನಾವೇನು ಕಳ್ಳರಾ ಅಂತಾರೆ. ಒಂದು ಡೌಟು, ಗ್ಲೂಕೋಸು ಮಗು ಡಬ್ಬಿ ಬಿಟ್ಟು ಇನ್ನು ಉಳಿದಿದ್ದನ್ನ ಗೇಟಲ್ಲೇ ಇಟ್ಟು ಹೋಗಿ ಅಂದ್ರೆ ಆ ಡಬ್ಬಿ ಏನ್ ಮಾಡ್ತಾರೆ? ಹೋದ ಸಲ ಮಗು ಎತ್ಕೊಂಡು ಗಡಿಬಿಡೀಲಿ ವಾಪಸ್ ಕೇಳೋಕೂ ಆಗ್ಲಿಲ್ಲ.

ಖಾರಾಬನ್_ಗೆಳೆಯ

ಕವರ್ ಸಂದಿಗೆ ಹಾಕೋರ ಪೈಕಿ ನಾನಲ್ಲ, ಜೇಬಲ್ಲೇ ವಾಪಸ್ ತರ್ತೀನಿ. ಆದ್ರೂ ಮೇಡಂ, ವಯಸ್ಸಾದವರು ಜೊತೆಗಿರುವಾಗ ಬಚ್ಚಿಡೋದು ಬೇಡ, ನೇರವಾಗಿ ಹೇಳಿಯೇ ಹೋಗಿ. ರೇಟ್ ಬಗ್ಗೆ ನನ್ನ ಮಾತು ಮಾತ್ರ ಬದಲಾಗಲ್ಲ. ಪ್ಯಾಕೆಟ್ ಸಾಮಾನು ಕೊಂಡ್ರೆ ಎಂಆರ್‌ಪಿ ನೋಡಿ ಬಿಲ್ ಇಟ್ಕೊಳ್ಳಿ, ಒಂದೇ ಸಾಮಾನಿಗೆ ಎರಡು ಎಂಆರ್‌ಪಿ ಹಾಕೋ ಹಾಗಿಲ್ಲ ಅಂತ 2018ರ ಜನವರಿಯಿಂದ ನಿಯಮ ಇದೆ, ಅನುಮಾನ ಬಂದ್ರೆ 1915ಕ್ಕೆ ಫೋನ್ ಮಾಡಿ, ಗ್ರಾಹಕರ ಸಹಾಯವಾಣಿ ಅದು.

ಲಾಸ್ಟ್‌ಶೋ_ಕೆಲಸ

ಮೇಡಂ, ನಾವಿದ್ದ ಕಡೆ ಗೇಟ್ ಪಕ್ಕ ಒಂದು ಶೆಲ್ಫ್ ಇತ್ತು, ಅಲ್ಲಿ ಇಟ್ಟು ಟೋಕನ್ ಕೊಡ್ತಿದ್ವಿ. ಆಫೀಸ್ ಮುಗಿಸ್ಕೊಂಡು ಮೆಟ್ರೋ ಇಳಿದು ನೇರ ಬರೋರದ್ದು ಊಟದ ಡಬ್ಬಿಗಳೇ ಸಾಲಾಗಿರ್ತಿತ್ತು. ಟೋಕನ್ ಕೊಡಲ್ಲ ಅಂದ್ರೆ ಡಬ್ಬಿ ಮೇಲೆ ಹೆಸರು, ಸೀಟ್ ನಂಬರ್ ಬರೆದ ಚೀಟಿ ಅಂಟಿಸಿ ಕೊಡಿ, ಶಿಫ್ಟ್ ಬದಲಾದ್ರೆ ಮುಂದಿನವನಿಗೆ ಗೊತ್ತಾಗಲ್ಲ ಯಾರದ್ದು ಅಂತ. ರಾತ್ರಿ ಕೊನೇ ಶೋ ಆದ ಮೇಲೂ ಉಳಿದಿದ್ರೆ ಊಟ ಎಸೆದು ಡಬ್ಬಿ ಲಾಸ್ಟ್ ಅಂಡ್ ಫೌಂಡ್‌ಗೆ ಹಾಕ್ತಿದ್ವಿ. ಹೋದ ಸಲದ್ದನ್ನೂ ಒಂದ್ ಸಲ ಕೇಳಿ ನೋಡಿ, ಸ್ಟೀಲ್ ಡಬ್ಬಿ ಆದ್ರೆ ಬೇಗ ಬಿಸಾಕಲ್ಲ.

ಇಂಟರ್ವಲ್‌ನಲ್ಲಿ ಅತ್ತೆಗೆ ಹಸಿವಾದ್ರೆ ಟಿಕೆಟ್ ತೋರಿಸಿ ಗೇಟ್ ಹತ್ರಾನೇ ಬಂದು ಚಪಾತಿ ತಿನ್ನಿಸ್ಕೊಂಡು ಹೋಗಬಹುದಾ ಅಂತ ಒಳಗೆ ಹೋಗೋ ಮುಂಚೆನೇ ಕೇಳಿಟ್ಕೊಳ್ಳಿ. ನಮ್ಮಲ್ಲಿ ವಯಸ್ಸಾದವರಿಗೆ ಲಾಬಿಯಲ್ಲಿ ಕುರ್ಚಿ ಹಾಕಿಕೊಡ್ತಿದ್ವಿ. ಮತ್ತೆ ಟಿಕೆಟ್ ಇನ್ನೂ ಬುಕ್ ಮಾಡಿಲ್ಲ ಅಂದ್ರೆ ಸಾಲಿನ ಕೊನೇ ಸೀಟು ತಗೊಳ್ಳಿ, ಎದ್ದು ಹೋಗೋಕೆ ಬರೋಕೆ ಯಾರ ಕಾಲೂ ದಾಟಬೇಕಾಗಲ್ಲ.