ಮಳೆಗಾಲದಲ್ಲಿ ಮಂಕಾಗುವ ಒಡವೆಗಳು: ಅಕ್ಕಸಾಲಿಗರೊಂದಿಗೆ ಪ್ರಶ್ನೋತ್ತರ

ದಿನಬಳಕೆಯ ಒಡವೆಗಳನ್ನು ತೊಳೆಯುವುದು ಮತ್ತು ಕಾಪಾಡುವುದರ ಬಗ್ಗೆ ಗುಂಪಿನ ಸದಸ್ಯರು ಈ ವಾರ ಕೇಳಿದ ಪ್ರಶ್ನೆಗಳಿಗೆ, ಮಡಿಕೇರಿಯಲ್ಲಿ ಬಹುಕಾಲದಿಂದ ಚಿನ್ನ ಬೆಳ್ಳಿಯ ಕೆಲಸ ಮಾಡುತ್ತಿರುವ ನಮ್ಮ ಸದಸ್ಯರೊಬ್ಬರು ಉತ್ತರಿಸಿದ್ದಾರೆ.

ಪ್ರಶ್ನೆ (ಸೋಮವಾರಪೇಟೆಯಿಂದ): ನಾನು ದಿನವೂ ಹಾಕಿಕೊಳ್ಳುವ 22 ಕ್ಯಾರೆಟ್ ಸರ ಮತ್ತು ಓಲೆ ಜೂನ್ ತಿಂಗಳು ಬಂತೆಂದರೆ ಮಂಕಾಗುತ್ತವೆ. ಟೂತ್‌ಪೇಸ್ಟ್ ಹಚ್ಚಿ ಉಜ್ಜಿದರೆ ಒಂದೆರಡು ದಿನ ಹೊಳೆದು ಮತ್ತೆ ಮೊದಲಿನಂತಾಗುತ್ತವೆ. ಚಿನ್ನದಲ್ಲೇ ದೋಷವಿದೆಯೇ?

ಉತ್ತರ: ಹೆಚ್ಚಿನ ಸಂದರ್ಭಗಳಲ್ಲಿ ದೋಷ ಚಿನ್ನದ್ದಲ್ಲ, ಚಿನ್ನದ ಮೇಲೆ ಕುಳಿತ ಪೊರೆಯದ್ದು. ಮೈಯ ಜಿಡ್ಡು, ತಲೆಗೆ ಹಚ್ಚಿದ ಎಣ್ಣೆ, ಪೌಡರು, ಸ್ನಾನದ ಸೋಪಿನ ಶೇಷ ಇವೆಲ್ಲ ಸೇರಿ ತೆಳುವಾದ ಅಂಟಾಗುತ್ತವೆ. ಬಟ್ಟೆಯೇ ಒಣಗದ ನಮ್ಮ ಮಳೆಗಾಲದಲ್ಲಿ ಆ ಅಂಟು ಹಸಿಯಾಗಿಯೇ ಉಳಿದು ಧೂಳನ್ನು ಹಿಡಿಯುತ್ತದೆ. 22 ಕ್ಯಾರೆಟ್ ಒಡವೆಯ ಮೇಲಿರುವ 916 ಎಂಬ ಗುರುತಿನ ಅರ್ಥ ಸಾವಿರ ಪಾಲಿನಲ್ಲಿ 916 ಪಾಲು ಚಿನ್ನ ಎಂದು. ಉಳಿದ 84 ಪಾಲು ಸಾಮಾನ್ಯವಾಗಿ ತಾಮ್ರ ಮತ್ತು ಬೆಳ್ಳಿ. ಬೆಸುಗೆಯ ಬಳಿ ಕಾಣುವ ಸಣ್ಣ ಕಪ್ಪು ಚುಕ್ಕೆಗಳು ಈ ಬೆರಕೆ ಲೋಹಗಳಿಂದ ಬಂದವು, ಅವುಗಳನ್ನು ಕಂಡು ಗಾಬರಿಯಾಗಬೇಕಿಲ್ಲ.

ಟೂತ್‌ಪೇಸ್ಟನ್ನು ಮಾತ್ರ ದಯವಿಟ್ಟು ಇಂದೇ ಬಿಡಿ. ಅದರಲ್ಲಿ ಹಲ್ಲು ಉಜ್ಜಲೆಂದು ಸೇರಿಸಿದ ನುಣುಪಾದ ಪುಡಿಯಿರುತ್ತದೆ, ಚಿನ್ನವೋ ಹಲ್ಲಿಗಿಂತ ಮೆತ್ತಗಿನ ವಸ್ತು. ಹಾಗೆ ಉಜ್ಜಿದ ಓಲೆಯನ್ನು ನನ್ನ ಭೂತಗನ್ನಡಿಯ ಕೆಳಗಿಟ್ಟರೆ ಮೇಲ್ಮೈ ತುಂಬ ಕೂದಲೆಳೆಯಂಥ ಗೀರುಗಳು ಅಡ್ಡಾದಿಡ್ಡಿ ಓಡಿರುವುದು ಕಾಣುತ್ತದೆ. ಮುಂದಿನ ಸಲ ಕೊಳೆ ಹೋಗಿ ಕೂರುವುದು ಆ ಗೀರುಗಳಲ್ಲಿಯೇ.

ಒಂದು ಬಟ್ಟಲು ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ದ್ರವವನ್ನು ಎರಡು ಹನಿ ಹಾಕಿ, ಅಥವಾ ಅಂಟುವಾಳಕಾಯಿಯನ್ನು ನೆನೆಸಿ ಕಿವುಚಿದ ನೊರೆನೀರನ್ನು ಸೋಸಿಕೊಂಡು, ಕಲ್ಲಿಲ್ಲದ ಚಿನ್ನವನ್ನು ಹತ್ತು ನಿಮಿಷ ಅದರಲ್ಲಿ ಬಿಡಿ. ಆಮೇಲೆ ಮಕ್ಕಳ ಮೃದು ಬ್ರಶ್ಶಿನಿಂದ, ಮುಂಭಾಗಕ್ಕಿಂತ ಹಿಂಭಾಗಕ್ಕೇ ಹೆಚ್ಚು ಗಮನ ಕೊಟ್ಟು ಉಜ್ಜಿ. ಓಲೆಯ ತಿರುಪನ್ನು ಬಿಚ್ಚಿ ನೋಡಿದರೆ ಕಡ್ಡಿಯ ಬುಡದಲ್ಲಿ ಮೇಣದಂಥ ಬೂದುಬಣ್ಣದ ಪದಾರ್ಥ ಗಟ್ಟಿಯಾಗಿರುತ್ತದೆ. ಓಲೆಯ ಹೊಳಪನ್ನೂ ಕೆಲವೊಮ್ಮೆ ಕಿವಿಯ ಆರೋಗ್ಯವನ್ನೂ ಕೆಡಿಸುವುದು ಅದೇ. ತೊಳೆಯುವ ಕೆಲಸವನ್ನು ಸಿಂಕಿನಲ್ಲಿ ನಲ್ಲಿಯ ಕೆಳಗೆ ಮಾಡದೆ ಬಟ್ಟಲಿನಲ್ಲಿಯೇ ಮುಗಿಸಿ. ತಿರುಪು ನೀರಿನೊಂದಿಗೆ ಹೋಯಿತೆಂದು ಬರುವವರು ನನ್ನಲ್ಲಿಗೆ ಪ್ರತಿ ವರ್ಷವೂ ಇದ್ದಾರೆ.

ಪ್ರಶ್ನೆ (ವಿರಾಜಪೇಟೆಯಿಂದ): ಅತ್ತೆಯವರು ಕೊಟ್ಟ ಕೊಡವ ಒಡವೆಗಳಾದ ಜೋಮಾಲೆ (ಚಿನ್ನದ ಗುಂಡುಮಣಿಗಳ ಮಾಲೆ) ಮತ್ತು ಪತ್ತಾಕನ್ನು (ಪದಕವಿರುವ ಸರ) ಮದುವೆಗೆ ಮುಂಚೆ ಬಿಸಿನೀರಿನಲ್ಲಿ ಸೋಪಿನ ಪುಡಿ ಹಾಕಿ ತೊಳೆದೆ. ಜೋಮಾಲೆಯ ಎರಡು ಮಣಿಗಳ ತೂತಿನಿಂದ ಕಂದುಬಣ್ಣದ ಅಂಟು ಹೊರಬಂದಿದೆ, ಪತ್ತಾಕಿನ ಮುತ್ತುಗಳು ಸುಣ್ಣದಂತೆ ಬಿಳಚಿಕೊಂಡಿವೆ. ಸರಿಪಡಿಸಬಹುದೇ?

ಉತ್ತರ: ನಿಮ್ಮ ಬೇಸರ ನನಗೆ ಅರ್ಥವಾಗುತ್ತದೆ. ಇಂಥ ಒಡವೆಯನ್ನು ತೊಳೆಯುವ ಮುಂಚೆ ಅದು ಚಿನ್ನವೇ ಎಂದು ಕೇಳುವುದಕ್ಕಿಂತ ಅದರೊಳಗೆ ಏನಿದೆ ಎಂದು ಕೇಳಬೇಕು. ಜೋಮಾಲೆಯ ಮಣಿಗಳು ಗಟ್ಟಿ ಚಿನ್ನವಲ್ಲ. ತೆಳುವಾದ ಚಿನ್ನದ ತಗಡಿನ ಗುಂಡಿನೊಳಗೆ ಅರಗು ತುಂಬಿರುತ್ತದೆ. ಅಷ್ಟು ದಪ್ಪಗೆ ಕಾಣುವ ಮಾಲೆ ಕೊರಳಿಗೆ ಭಾರವಾಗದೆ ಇರುವುದಕ್ಕೂ, ಮಣಿಗಳು ನೆಗ್ಗದೆ ತಲೆಮಾರು ದಾಟಿ ಬರುವುದಕ್ಕೂ ಕಾರಣ ಆ ಅರಗೇ. ಅರಗು 70 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಮೆತ್ತಗಾಗುತ್ತದೆ, ಒಲೆಯಿಂದ ಇಳಿಸಿದ ನೀರು ಅದಕ್ಕಿಂತ ಬಿಸಿಯಾಗಿರುತ್ತದೆ. ಹೊರಬಂದ ಅರಗನ್ನು ಪಿನ್ನಿನಿಂದ ಕೆದಕಬೇಡಿ, ಒರೆಸಲು ಸ್ಪಿರಿಟನ್ನೂ ಬಳಸಬೇಡಿ, ಏಕೆಂದರೆ ಸ್ಪಿರಿಟಿನಲ್ಲಿ ಅರಗು ಕರಗುತ್ತದೆ. ಆ ಎರಡು ಮಣಿಗಳನ್ನು ಬಿಚ್ಚಿ ಮತ್ತೆ ಅರಗು ತುಂಬಿ ಪೋಣಿಸಬಹುದು, ಮಾಲೆಗೆ ಅಪಾಯವಿಲ್ಲ.

ಮುತ್ತಿನ ವಿಷಯದಲ್ಲಿ ಅಷ್ಟು ಧೈರ್ಯ ಹೇಳಲಾರೆ. ಮುತ್ತೂ ಹವಳವೂ ಜೀವಿಗಳು ಕಟ್ಟಿದ ಸುಣ್ಣದ ಅಂಶ. ಕಲ್ಲುಗಳ ಗಟ್ಟಿತನವನ್ನು 1ರಿಂದ 10ರವರೆಗೆ ಅಳೆಯುವ ಅಳತೆಯಲ್ಲಿ ಕೆಂಪು ಕಲ್ಲು (ಮಾಣಿಕ್ಯ) 9ರಲ್ಲಿದ್ದರೆ ಮುತ್ತು 2.5ರಿಂದ 4.5ರೊಳಗೆ ನಿಲ್ಲುತ್ತದೆ. ಮೇಲಿನ ಪದರ ಸೋಪಿನ ಪುಡಿಯಿಂದ ಸವೆದಿದ್ದರೆ ಆ ಹೊಳಪು ಹಿಂತಿರುಗುವುದಿಲ್ಲ. ಬರೀ ಸೋಪಿನ ಬಿಳಿ ಪೊರೆ ಕುಳಿತಿದ್ದರೆ ಒದ್ದೆ ಮಾಡಿ ಹಿಂಡಿದ ಹತ್ತಿಬಟ್ಟೆಯಿಂದ ಮೆಲ್ಲಗೆ ಒರೆಸಿದಾಗ ಬಿಡುತ್ತದೆ. ಒಂದೇ ಒಂದು ಮುತ್ತಿನ ಮೇಲೆ ಮೊದಲು ಪ್ರಯತ್ನಿಸಿ. ಹಳೆಯ ಕೆಲಸಗಳಲ್ಲಿ ಕೆಂಪಿನ ಹಿಂಬದಿಯನ್ನು ಮುಚ್ಚಿ ಒಳಗೆ ಹೊಳಪಿನ ತಗಡು ಇಟ್ಟಿರುವುದುಂಟು, ಅರ್ಧಚಂದ್ರಾಕಾರದ ಪದಕದ ಸರವಾದ ಕೊಕ್ಕೆತಾತಿಯಲ್ಲೂ ಅದನ್ನು ಕಾಣಬಹುದು. ಅಂಥ ಕಲ್ಲಿನ ಹಿಂದೆ ನೀರು ಇಳಿದರೆ ತಗಡು ಕಪ್ಪಾಗಿ, ಕಲ್ಲಿಗೆ ಏನೂ ಆಗದಿದ್ದರೂ ನಮಗೆ ಕಲ್ಲೇ ಸತ್ತಂತೆ ಕಾಣುತ್ತದೆ. ಆದ್ದರಿಂದ ಇವನ್ನು ಮುಳುಗಿಸುವ ಮಾತೇ ಬೇಡ. ಹಾಕಿಕೊಂಡು ತೆಗೆದ ದಿನವೇ ಬೆವರು ಮತ್ತು ಸೆಂಟನ್ನು ಮೃದು ಬಟ್ಟೆಯಿಂದ ಒರೆಸಿಡುವುದೇ ಇವುಗಳ ಸ್ನಾನ.

ಪ್ರಶ್ನೆ (ಗೋಣಿಕೊಪ್ಪಲಿನಿಂದ): ನಮ್ಮ ಮನೆಯಲ್ಲಿ ಬೆಳ್ಳಿಯ ಕಾಲ್ಗೆಜ್ಜೆಯನ್ನು ಕಾಚಂಪುಳಿ (ಕೊಡಗಿನ ಅಡುಗೆಯ ಕಪ್ಪು ಹುಳಿರಸ) ಹಚ್ಚಿ ಉಜ್ಜುತ್ತಾರೆ. ಪೀಚೆಕತ್ತಿಗೂ (ಕೊಡವರು ಸೊಂಟಕ್ಕೆ ಸಿಕ್ಕಿಸುವ ಬೆಳ್ಳಿಕೆಲಸದ ಕಿರುಗತ್ತಿ) ಹಾಗೆ ಮಾಡಬಹುದೇ?

ಉತ್ತರ: ಬೇಡ. ಹುಳಿಯಿಂದ ಬಿಡುವುದು ತಾಮ್ರ ಹಿತ್ತಾಳೆಗಳ ಕಿಲುಬು. ಬೆಳ್ಳಿಯ ಮೇಲಿನ ಕಪ್ಪು ಗಾಳಿಯಲ್ಲಿರುವ ಗಂಧಕದ ಅಂಶ ಬೆಳ್ಳಿಯೊಡನೆ ಕೂಡಿ ಆದದ್ದು, ಅದು ಹುಣಸೆಹುಳಿಗಾಗಲಿ ಕಾಚಂಪುಳಿಗಾಗಲಿ ಕರಗುವುದಿಲ್ಲ. ನಿಮ್ಮ ಮನೆಯಲ್ಲಿ ಗೆಜ್ಜೆ ಬೆಳ್ಳಗಾಗುತ್ತಿರುವುದು ಉಜ್ಜಿದ ಬಲಕ್ಕೆ. ಪಂದಿಕರಿಗೆ (ಹಂದಿಮಾಂಸದ ಸಾರು) ಕಾಚಂಪುಳಿ ಹಾಕುವಾಗ ಮುತ್ತು ಹವಳದ ಉಂಗುರವನ್ನು ತೆಗೆದಿಡಬೇಕೆಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ, ಆ ಹುಳಿ ಸುಣ್ಣದ ಅಂಶವನ್ನು ತಿನ್ನುತ್ತದೆ.

ಕಲ್ಲು, ಮುತ್ತು, ಎನಾಮಲ್ ಯಾವುದೂ ಇಲ್ಲದ ಬರೀ ಬೆಳ್ಳಿಯ ಗೆಜ್ಜೆಗೆ ಸುಲಭವಾದ ದಾರಿಯಿದೆ. ಗಾಜಿನ ಪಾತ್ರೆಯೊಳಗೆ ಅಲ್ಯೂಮಿನಿಯಂ ಫಾಯಿಲ್ ಹಾಸಿ, ಗೆಜ್ಜೆ ಅದಕ್ಕೆ ತಾಗುವಂತೆ ಇಟ್ಟು, ಒಂದು ಲೀಟರ್ ಬಿಸಿನೀರಿಗೆ ಎರಡು ದೊಡ್ಡ ಚಮಚ ಅಡುಗೆ ಸೋಡ ಕಲಸಿ ಸುರಿಯಿರಿ. ಗಂಧಕ ಬೆಳ್ಳಿಯನ್ನು ಬಿಡುವಾಗ ಕೊಳೆತ ಮೊಟ್ಟೆಯ ವಾಸನೆ ಸ್ವಲ್ಪ ಬರುತ್ತದೆ, ಹೆದರಬೇಡಿ, ಕಿಟಕಿ ತೆರೆದಿಡಿ. ಕೆಲವು ನಿಮಿಷಗಳ ನಂತರ ತೆಗೆದು ಚೆನ್ನಾಗಿ ತೊಳೆದು ಒಣಗಿಸಿದರೆ ಸಾಕು. ಇದರಲ್ಲಿ ಬೆಳ್ಳಿ ಸವೆಯದೆ ತನ್ನ ಜಾಗದಲ್ಲಿಯೇ ಉಳಿಯುವುದರಿಂದ ಉಜ್ಜುವುದಕ್ಕಿಂತ ಇದು ಮೇಲು.

ಪೀಚೆಕತ್ತಿಯನ್ನು ಮಾತ್ರ ಯಾವ ನೀರಿನಲ್ಲೂ ಮುಳುಗಿಸಬೇಡಿ. ಅದರ ಅಲಗು ಉಕ್ಕಿನದು, ಬೆಳ್ಳಿಯ ಕೆಲಸದ ಒಳಗೆ ಮರವಿರುತ್ತದೆ. ಮರ ಕುಡಿದ ನೀರು ಮಡಿಕೇರಿಯ ಆಗಸ್ಟಿನಲ್ಲಿ ಎಷ್ಟು ದಿನಕ್ಕೆ ಒಣಗೀತು? ಅಲಗಿಗೆ ತೆಳುವಾಗಿ ಎಣ್ಣೆ ಸವರಿ, ಬೆಳ್ಳಿಯನ್ನು ಒಣ ಬಟ್ಟೆಯಿಂದ ಒರೆಸಿ. ಹೂಬಳ್ಳಿಯ ಕೆತ್ತನೆಯ ತಗ್ಗಿನಲ್ಲಿ ನಿಂತ ಕಪ್ಪನ್ನು ಹಾಗೆಯೇ ಬಿಡಿ, ಕೆತ್ತಿದವನ ಗೆರೆ ಎದ್ದು ಕಾಣುವುದು ಆ ಕಪ್ಪಿನಿಂದಲೇ.

ಪ್ರಶ್ನೆ (ನಾಪೋಕ್ಲುವಿನಿಂದ): ಕಪಾಟಿನೊಳಗೆ ಬೂಷ್ಟು ಬರುವ ಮನೆಗಳಲ್ಲಿ ಒಡವೆಗಳನ್ನು ಹೇಗಿಡಬೇಕು?

ಉತ್ತರ: ಮೊದಲು ಪೂರ್ತಿ ಒಣಗಿರಬೇಕು, ತೊಳೆದ ಒಡವೆಯನ್ನು ಹತ್ತಿಬಟ್ಟೆಯ ಮೇಲೆ ಒಂದು ರಾತ್ರಿ ಬಿಟ್ಟು ಆಮೇಲೆ ಎತ್ತಿಡಿ. ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಮಡಿಕೇರಿಯಂಥ ಕಡೆ, ಹೊರಗೋಡೆಗೆ ತಾಗಿದ ಕಪಾಟಿಗಿಂತ ಒಳಗೋಡೆಯ ಕಪಾಟು ಒಳ್ಳೆಯದು. ಬೆಳ್ಳಿಯನ್ನು ಗಾಳಿ ಹಿಂಡಿ ಮುಚ್ಚುವ ಜಿಪ್ ಕವರಿನಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಡಿ, ಪೊಟ್ಟಣ ಸಿಗದಿದ್ದರೆ ಒಂದು ತುಂಡು ಸೀಮೆಸುಣ್ಣವೂ ತೇವ ಹೀರುತ್ತದೆ. ಮುತ್ತು ಹಾಗಲ್ಲ, ಅತಿಯಾಗಿ ಒಣಗಿದರೆ ಅದು ಸೀಳುತ್ತದೆ. ಅದನ್ನು ಹಳೆಯ ಮಲ್‌ಬಟ್ಟೆಯಲ್ಲಿ ಸುತ್ತಿ ಬೇರೆ ಡಬ್ಬಿಯಲ್ಲಿಡಿ. ಉಣ್ಣೆಯ ಬಟ್ಟೆ ಮತ್ತು ರಬ್ಬರ್ ಬ್ಯಾಂಡಿನಲ್ಲಿ ಗಂಧಕವಿರುವುದರಿಂದ ಬೆಳ್ಳಿಯ ಹತ್ತಿರ ಅವು ಬೇಡ. ವಜ್ರದ ಓಲೆಯನ್ನು ಸರದೊಂದಿಗೆ ಒಂದೇ ಡಬ್ಬಿಯಲ್ಲಿ ಹಾಕಿದರೆ ವಜ್ರ ಉಳಿದೆಲ್ಲವನ್ನೂ ಗೀರುತ್ತದೆ. ಮಳೆ ನಿಂತು ಸುಗ್ಗಿಹಬ್ಬವಾದ ಪುತ್ತರಿ ಹತ್ತಿರವಾಗುವಾಗ ಒಂದು ಬಿಸಿಲಿನ ಮಧ್ಯಾಹ್ನ ಎಲ್ಲವನ್ನೂ ನೆರಳಿನಲ್ಲಿ ಹರಡಿ, ದಾರಗಳನ್ನು ಬೆರಳಿನಿಂದ ಎಳೆದು ನೋಡಿ. ಮಣಿಯ ಅಂಚಿನಲ್ಲಿ ದಾರ ಜುಂಜಾಗಿ ಕಂಡರೆ ಹೊಸದಾಗಿ ಪೋಣಿಸುವ ಕಾಲ ಬಂದಿದೆ.

ಪ್ರಶ್ನೆ (ಕುಶಾಲನಗರದಿಂದ): ಒಂದು ಗ್ರಾಂ ಚಿನ್ನದ ಬಳೆಗಳನ್ನೂ ಹೀಗೆಯೇ ತೊಳೆಯಬಹುದೇ? ಮನೆಬಾಗಿಲಿಗೆ ಬಂದು ಒಡವೆಗೆ ಮೆರುಗು ಹಾಕಿಕೊಡುತ್ತೇವೆ ಎನ್ನುವವರನ್ನು ನಂಬಬಹುದೇ?

ಉತ್ತರ: ಆ ಬಳೆಗಳ ಮೇಲಿರುವುದು ಚಿನ್ನದ ತೆಳು ಲೇಪ ಮಾತ್ರ, ಬ್ರಶ್ಶು ತಾಗಿಸದೆ ಒದ್ದೆ ಬಟ್ಟೆಯಿಂದ ಒರೆಸಿ ಒಣಗಿಸಿ.

ಬಾಗಿಲಿಗೆ ಬರುವವರಿಗೆ ಒಡವೆಯನ್ನು ಕೊಡಲೇಬೇಡಿ. ಮೋಸ ಮಾಡುವವರ ಡಬ್ಬಿಯಲ್ಲಿರುವುದು ಹೈಡ್ರೋಕ್ಲೋರಿಕ್ ಮತ್ತು ನೈಟ್ರಿಕ್ ಆಮ್ಲಗಳ ಮಿಶ್ರಣ, ಅದನ್ನು ರಾಜದ್ರಾವಕ ಎನ್ನುತ್ತಾರೆ. ಚಿನ್ನವೂ ಅದರಲ್ಲಿ ಕರಗುತ್ತದೆ. ಸರ ನಿಮ್ಮ ಕೈಗೆ ಫಳಫಳ ಹೊಳೆಯುತ್ತಲೇ ಬರುತ್ತದೆ, ಕಳೆದುಹೋದ ಚಿನ್ನ ಅವರ ಡಬ್ಬಿಯ ಹಳದಿ ನೀರಿನಲ್ಲಿ ಉಳಿಯುತ್ತದೆ. ಅಂಗಡಿಯಲ್ಲಿ ಮೆರುಗು ಹಾಕಿಸುವಾಗಲೂ, ಅದು ನನ್ನಲ್ಲಿಯೇ ಆಗಲಿ, ಕೊಡುವ ಮುಂಚೆ ಮತ್ತು ಪಡೆದ ಮೇಲೆ ನಿಮ್ಮ ಕಣ್ಣೆದುರಿಗೇ ತೂಕ ಹಾಕಿಸಿ, ಎರಡನ್ನೂ ಚೀಟಿಯಲ್ಲಿ ಬರೆಸಿಕೊಳ್ಳಿ.